ಗೋಡೆಯ ಮೇಲಿನ ತಾರೀಖು

ನಮ್ಮ ಜೇವರ್ಗಿ ಕಡೆಯ ಮಲೇರಿಯಾ ನೌಕರ ಹುಲೆಪ್ಪ ಹದಿನೈದು ದಿನಕ್ಕೊಮ್ಮೆ ಮನೆಮನೆಗೆ ಹೋಗಿ, ಜ್ವರವಿದ್ದವರ ರಕ್ತ ತೆಗೆದು, ಗೋಡೆಯ ಮೇಲೆ ಬಂದುಹೋದ ತಾರೀಖು ಬರೆಯಬೇಕು. ನಡೆಯಲು ಬೇಸರಪಡುವ ಈ ಪುಣ್ಯಾತ್ಮ ಕಾರಹುಣ್ಣಿಮೆಗೇ ಬಂದು, ದೀಪಾವಳಿಯವರೆಗಿನ ತಾರೀಖುಗಳನ್ನೆಲ್ಲ ಮುತ್ತಿನಂಥ ಅಕ್ಷರದಲ್ಲಿ ಬರೆದು, ಪ್ರತಿಯೊಂದರ ಮುಂದೆ ‘ಜ್ವರ ಇಲ್ಲ’ ಎಂದು ಸೇರಿಸಿ, ಚಹಾ ಕುಡಿದು ಹೋಗುತ್ತಾನೆ. ಈ ಸಲ ನಮ್ಮ ಓಣಿಯಲ್ಲಿ ಒಬ್ಬಳೇ ಇದ್ದ ಚಂದಮ್ಮ ನಡುಗುತ್ತ, “ಯಪ್ಪಾ, ಮೈ ಸುಡಾಕತ್ತದ, ರಕ್ತ ನೋಡ್ರಿ” ಎಂದು ಬೆರಳು ಚಾಚಿದಳು. “ಗ್ವಾಡಿ ನೋಡ್ ಬೇ, ದೀಪಾವಳಿ ತನಕಾ ನಿನಗ ಜ್ವರಾನೇ ಇಲ್ಲ” ಎಂದು ಅವನು ನಕ್ಕ. ಎಂಟನೆಯ ದಿನ ಅವಳನ್ನು ಮಣ್ಣು ಮಾಡಿ ಬಂದೆವು. ಬೀಗ ಬಿದ್ದ ಆ ಮನೆಯ ಗೋಡೆಯ ಮೇಲೆ ಅವಳು ಈಗಲೂ ತಾರೀಖು ತಪ್ಪದೆ ಆರೋಗ್ಯವಾಗಿದ್ದಾಳೆ. ಹುಲೆಪ್ಪನ ಸ್ವಂತ ಮನೆಯ ಗೋಡೆಯನ್ನೂ ಹೋಗಿ ನೋಡಿದೆ. ಅಲ್ಲಿ ಇವತ್ತಿನ ತನಕ ಮಾತ್ರ ಬರೆದಿದೆ. ನಾಳೆಯ ತಾರೀಖು ಒಂದೂ ಇಲ್ಲ.