ಕರಿಯಮ್ಮ ಹೂ ಕೊಡದ ಮಂಗಳವಾರ

ಓಬಮ್ಮ ಕ್ರೈಸ್ತಳಲ್ಲ. ಕಡೂರಿನ ರೈಲು ಹಳಿಯ ಆಚೆ ಇರುವ ಚಿಕ್ಕ ಚರ್ಚಿನ ಪಾದ್ರಿಗಳ ಮನೆಯಲ್ಲಿ ಅಡುಗೆ ಮಾಡುತ್ತಿದ್ದಳು, ಅಷ್ಟೆ. ಯಗಟಿ ಹತ್ತಿರದ ಹಟ್ಟಿಯಿಂದ ಬೆಳಗಿನ ಬಸ್ಸಿಗೆ ಬರುವಳು, ಸಂಜೆ ಬಸ್ಸಿಗೆ ಹೋಗುವಳು. ಈಗಿರುವ ಫಾದರ್ ವಲೇರಿಯನ್ ಕರಾವಳಿಯವರು. ಬಂದ ಮೊದಲ ದಿನ ರಾಗಿಮುದ್ದೆಯನ್ನು ಅಗಿದು ತಿಂದರು. ಓಬಮ್ಮ ಬಾಗಿಲಲ್ಲಿ ನಿಂತು ಅಷ್ಟೂ ಹೊತ್ತು ನೋಡಿದಳು.

"ನುಂಗ್ಬೇಕು ಫಾದ್ರೇ. ಅದ್ರಾಗೆ ಹಲ್ಲಿಗೆ ಕೆಲ್ಸ ಇಲ್ಲ."

ಫಾದರ್ ನುಂಗಿದರು. ಕಣ್ಣಲ್ಲಿ ನೀರು ಬಂದರೂ ನುಂಗಿದರು. ಓಬಮ್ಮನಿಗೆ ಅವರ ಮೇಲೆ ಗೌರವ ಹುಟ್ಟಿದ್ದು ಅವತ್ತು.

ಓಬಮ್ಮನ ದೇವರು ಹಟ್ಟಿಯ ಕರಿಯಮ್ಮ. ಹಟ್ಟಿಯಲ್ಲಿ ಯಾವ ಕೆಲಸಕ್ಕೂ ಮೊದಲು ಕರಿಯಮ್ಮನ ಹೂ ಕೇಳಬೇಕು. ಪೂಜಾರಿ ದೊಡ್ಡಬೀರಪ್ಪ ದೇವಿಯ ಮೈಮೇಲೆ ಒದ್ದೆ ಸೇವಂತಿಗೆ ಅಂಟಿಸಿ ಕರ್ಪೂರ ಹಚ್ಚುತ್ತಾನೆ. ಕರ್ಪೂರ ಆರುವುದರೊಳಗೆ ಹೂ ಬಿದ್ದರೆ ಅಪ್ಪಣೆ, ಬೀಳದಿದ್ದರೆ ಅಪ್ಪಣೆಯಿಲ್ಲ. ಬಲಗಡೆ ಬಿದ್ದರೆ ಹೀಗೆ, ಎಡಗಡೆ ಬಿದ್ದರೆ ಹಾಗೆ ಅನ್ನುವ ಲೆಕ್ಕವೆಲ್ಲ ಬೇರೆ ಊರುಗಳಲ್ಲಿ. ನಮ್ಮ ಕರಿಯಮ್ಮ ಅಷ್ಟು ಸೂಕ್ಷ್ಮಕ್ಕೆ ಇಳಿಯುವವಳಲ್ಲ.

ಓಬಮ್ಮನ ಮದುವೆಯೂ ಹೂವಿನಿಂದಲೇ ಆದದ್ದು. ಗಂಡ ಗಿರಿಯಪ್ಪನ ಅಪ್ಪ ಕೇಳಿದ ತಕ್ಷಣ ಹೂ ಬಿತ್ತಂತೆ. ಆಮೇಲೆ ಕುರಿ ಕೊಳ್ಳುವುದಕ್ಕೂ ಹೂ, ಮಾರುವುದಕ್ಕೂ ಹೂ. ಮಗಳನ್ನು ಅಜ್ಜಂಪುರಕ್ಕೆ ಕೊಟ್ಟದ್ದೂ ಹೂ ಬಿದ್ದ ಮೇಲೆಯೇ. ಬೋರ್‌ವೆಲ್ ಕೊರೆಸುವಾಗಲೂ ಹೂ ಬಿತ್ತು, ನೀರು ಬೀಳಲಿಲ್ಲ. ಊರಿನವರು ಗಿರಿಯಪ್ಪನನ್ನು ಕೆಣಕಿದರು. ಅವನು ಬೀಡಿ ಹಚ್ಚಿಕೊಂಡು ಹೇಳಿದ:

"ಕೊರೆಸ್ಲಾ ಅಂತ ಕೇಳ್ದೆ, ಕೊರೆಸು ಅಂದ್ಳು. ನೀರು ಕೊಡ್ತೀಯಾ ಅಂತ ನಾನು ಕೇಳ್ಲೇ ಇಲ್ಲ. ಅಮ್ಮ ಕೇಳಿದ್ದಕ್ಕಷ್ಟೇ ಉತ್ರ ಕೊಡೋದು ಕಣ್ರಪ್ಪಾ."

ಈ ಮಾತನ್ನು ಓಬಮ್ಮ ಒಲೆಯ ಮುಂದೆ ಕೂತು ಕೇಳಿಸಿಕೊಂಡಿದ್ದಳು.

ಗಿರಿಯಪ್ಪನಿಗೆ ಸಕ್ಕರೆ ಕಾಯಿಲೆ. ಕುರಿ ಹಿಂದೆ ಅಲೆಯುವಾಗ ಕಾಲಿಗೆ ಜಾಲಿಮುಳ್ಳು ಹೊಕ್ಕದ್ದು ಅವನಿಗೆ ಗೊತ್ತೇ ಆಗಲಿಲ್ಲ. ಪಾದದ ಸ್ಪರ್ಶ ಹೋಗಿ ವರ್ಷಗಳಾಗಿದ್ದವು. ಓಬಮ್ಮ ಕಂಡಾಗ ಕಿರುಬೆರಳು ಕಪ್ಪಗಾಗಿತ್ತು. ಕಡೂರಿನ ಡಾಕ್ಟರ್ ಹೇಮಾವತಿ ನೋಡಿ, "ಈ ಬೆರಳು ತೆಗೆಸಿಬಿಡಿ. ತಡ ಮಾಡಿದರೆ ಮೇಲಕ್ಕೆ ಹತ್ತುತ್ತೆ, ಆಮೇಲೆ ಕಾಲೇ ಹೋಗುತ್ತೆ," ಎಂದು ಶಿವಮೊಗ್ಗದ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಗಿರಿಯಪ್ಪ ಚೀಟಿಯನ್ನು ಜೇಬಿಗಿಟ್ಟುಕೊಂಡು ನೇರ ಕರಿಯಮ್ಮನ ಗುಡಿಗೆ ಹೋಗಿ, ಬೆರಳು ತೆಗೆಸ್ಲಾ ಎಂದು ಕೇಳಿದ. ಹೂ ಬೀಳಲಿಲ್ಲ.

"ಅಪ್ಪಣೆ ಇಲ್ಲ," ಎಂದ.

"ಡಾಕ್ಟ್ರಮ್ಮ ಹೇಳಿದ್ದು ಕೇಳಿಸ್ಲಿಲ್ವಾ ನಿಂಗೆ?"

"ಡಾಕ್ಟ್ರಮ್ಮ ದೊಡ್ಡೋಳೋ, ಕರಿಯಮ್ಮ ದೊಡ್ಡೋಳೋ? ಹೆಂಗಸ್ರ ಬುದ್ಧಿ ಮೊಣಕಾಲ ಕೆಳಗೆ ಅಂತ ಸುಮ್ನೆ ಹೇಳಿಲ್ಲ ದೊಡ್ಡೋರು."

ಮುಂದಿನ ಮಂಗಳವಾರವೂ ಹೂ ಬೀಳಲಿಲ್ಲ. ಅಷ್ಟರಲ್ಲಿ ಪಕ್ಕದ ಬೆರಳೂ ಬಣ್ಣ ತಿರುಗಿತ್ತು. ಮನೆಯಲ್ಲಿ ಇಲಿ ಸತ್ತ ವಾಸನೆ. ಗಿರಿಯಪ್ಪ ಇಲಿ ಹುಡುಕಿಸಿದ. ಅಟ್ಟ, ಕಣಜ, ಮಂಚದಡಿ ಎಲ್ಲ ಹುಡುಕಿ ಓಬಮ್ಮ ಅವನ ಕಾಲ ಬಳಿ ಬಂದು ಕೂತಳು. ವಾಸನೆ ಅಲ್ಲಿಂದಲೇ. ಅವಳಿಗೆ ಭಯವಾಗಿತ್ತು. ಕಾಲಿಲ್ಲದ ಕುರಿಗಾರನನ್ನು ಅವಳು ಎಲ್ಲೂ ಕಂಡಿರಲಿಲ್ಲ.

ಆ ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ಎಂದಿನಂತೆ ಜಗಲಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಅಡುಗೆಮನೆಯ ಕಿಟಕಿ ಜಗಲಿಗೇ ತೆರೆಯುವುದರಿಂದ ಓಬಮ್ಮನಿಗೂ ಇಷ್ಟು ವರ್ಷ ಪಾಠವಾಗಿತ್ತು. ಹುರುಳಿಕಾಳು ಬೇಯುವಾಗ ಆದಾಮನ ಕಥೆ, ಸಾರಿಗೆ ಒಗ್ಗರಣೆ ಹಾಕುವಾಗ ನೋಹನ ಹಡಗು. ಅವತ್ತು ಕಥೆ ಇರಲಿಲ್ಲ.

"ದೇವರು ಮನುಷ್ಯನನ್ನು ತನ್ನ ಹೋಲಿಕೆಯಲ್ಲಿ ಮಾಡಿದರು ಅಂತೀವಲ್ಲ, ಮೂಗು ಕಿವಿಯ ಹೋಲಿಕೆಯಾ? ಅಲ್ಲ ಮಕ್ಕಳೇ. ಬುದ್ಧಿಯ ಹೋಲಿಕೆ. ಯಾವುದು ಸತ್ಯ, ಯಾವುದು ಒಳ್ಳೆಯದು ಅಂತ ಯೋಚಿಸಿ ತಿಳಿಯುವ ಶಕ್ತಿ ದೇವರ ವರ. ನಂಬಿಕೆಯನ್ನು ಕೊಟ್ಟವರೂ ಅವರೇ, ಬುದ್ಧಿಯನ್ನು ಕೊಟ್ಟವರೂ ಅವರೇ. ಹಾಗಾಗಿ ಎರಡಕ್ಕೂ ಜಗಳ ಇರೋದಕ್ಕೆ ಸಾಧ್ಯ ಇಲ್ಲ. ಜಗಳ ಕಂಡರೆ ನಾವು ಎಲ್ಲೋ ತಪ್ಪು ತಿಳಿದಿದ್ದೇವೆ ಅಂತ ಅರ್ಥ."

ಒಬ್ಬ ಹುಡುಗಿ ಕೇಳಿದಳು, "ಎಲ್ಲಾರ್ಗೂ ಕೊಟ್ಟಿದ್ದಾರಾ ಫಾದರ್?"

"ಎಲ್ಲರಿಗೂ. ಚರ್ಚಿಗೆ ಬರುವವರಿಗೆ, ಬಾರದವರಿಗೆ, ಎಲ್ಲರಿಗೂ. ಉಪಯೋಗಿಸದಿದ್ದರೆ ಮದುವೆಗೆ ಬಂದ ಉಡುಗೊರೆಯನ್ನು ಬಿಚ್ಚದೆ ಅಟ್ಟಕ್ಕೆ ಹಾಕಿದ ಹಾಗೆ."

ಓಬಮ್ಮನ ಮನೆಯ ಅಟ್ಟದಲ್ಲಿ ನಿಜಕ್ಕೂ ಬಿಚ್ಚದ ಒಂದು ಕುಕ್ಕರ್ ಇತ್ತು. ಇದು ಫಾದರಿಗೆ ಹೇಗೆ ತಿಳಿಯಿತು ಎಂದು ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಸಾರು ಉಕ್ಕಿತು.

ಮಾರನೆಯ ದಿನ ಫಾದರ್ ಅವರ ಬೈಕಿನ ಕೀ ಕಳೆಯಿತು. ಫಾದರ್ ಸಂತ ಅಂತೋಣಿಯವರ ಪಟದ ಮುಂದೆ ನಿಂತು ಕೈಮುಗಿದರು. ಕಳೆದ ವಸ್ತು ಹುಡುಕಿಕೊಡುವುದು ಆ ಸಂತರ ಖಾತೆ. ಓಬಮ್ಮ ಸೊಪ್ಪು ಸೋಸುತ್ತ ನೋಡಿದಳು.

"ನಿನ್ನೆ ಬುದ್ಧಿ ಅಂತಿದ್ರಿ. ಇವತ್ತು ಪಟ ಅಂತೀರಲ್ಲ ಫಾದ್ರೇ."

"ಪ್ರಾರ್ಥನೆ ಮಾಡಿ ಕುರ್ಚಿ ಮೇಲೆ ಕೂತೆನಾ ಓಬಮ್ಮ? ಹುಡುಕ್ತಾ ಇದ್ದೇನಲ್ಲ. ಅಂತೋಣಿಯವರು ನಮ್ಮ ಕಣ್ಣು ತೆರೆಸುತ್ತಾರೆ. ಹಾಸಿಗೆ ಕೊಡವುವುದು ನಮ್ಮ ಕೆಲಸ ಮಾರಾಯ್ರೆ."

ಕೀ ಹಾಸಿಗೆಯಲ್ಲೇ ಸಿಕ್ಕಿತು. ಓಬಮ್ಮ ಸಂಜೆಯ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಳು. ಯಗಟಿಯಲ್ಲಿ ಇಳಿಯುವುದನ್ನು ಮರೆತು ಮುಂದಿನ ನಿಲ್ದಾಣಕ್ಕೆ ಹೋದಳು. ಅಷ್ಟು ಯೋಚನೆ ಮಾಡಿ ಅವಳಿಗೆ ರೂಢಿಯಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಗಿರಿಯಪ್ಪನನ್ನು ಗೋಡೆ ಹಿಡಿಸಿಕೊಂಡು ಗುಡಿಗೆ ನಡೆಸಿದಳು.

"ಈ ಸತಿ ನಾನು ಕೇಳ್ತೀನಿ," ಎಂದಳು.

"ಯಾರು ಕೇಳಿದ್ರೂ ಅದೇ ಅಲ್ವೇನೇ?"

"ಅಮ್ಮ ಕೇಳಿದ್ದಕ್ಕಷ್ಟೇ ಉತ್ರ ಕೊಡೋದು ಅಂತ ನೀನೇ ಅಲ್ವಾ ಹೇಳಿದ್ದು, ಬೋರ್‌ವೆಲ್ ದಿವ್ಸ?"

ಗಿರಿಯಪ್ಪನಿಗೆ ತನ್ನ ಮಾತಿನ ಮೇಲೆ ಅಭಿಮಾನವಿತ್ತು. ಹೌದೆಂದು ತಲೆಯಾಡಿಸಿದ.

ದೊಡ್ಡಬೀರಪ್ಪ ಹೂ ಅಂಟಿಸಿ ಕರ್ಪೂರ ಹಚ್ಚಿದ. ಓಬಮ್ಮ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದಳು:

"ಅಮ್ಮಾ, ಇವ್ನ ಬೆರಳು ತೆಗೆಸೋದು ಬ್ಯಾಡ, ಮನೇಲೇ ಮಲಗಿಸು ಅನ್ನೋದು ನಿನ್ನ ಅಪ್ಪಣೆ ಆಗಿದ್ರೆ, ಹೂ ಕೊಡು."

ದೊಡ್ಡಬೀರಪ್ಪ ತಿರುಗಿ ನೋಡಿದ. "ಇದೇನಮ್ಮಾ, ಹಿಂಗೆ ತಿರುಗಿಸಿ ಯಾರೂ ಕೇಳಿಲ್ಲ."

"ಕೇಳಬಾರ್ದು ಅಂತ ಇದೆಯಾ?"

ದೊಡ್ಡಬೀರಪ್ಪನಿಗೆ ಹಾಗೇನೂ ನೆನಪಾಗಲಿಲ್ಲ. ಎಲ್ಲರೂ ಹೂವನ್ನೇ ನೋಡುತ್ತ ನಿಂತರು. ಬಾಗಿಲಿಂದ ಗಾಳಿ ಬಂದು ಹೂವಿನ ಎಸಳು ಅಲ್ಲಾಡಿತು. ತನ್ನ ಜೀವಮಾನದಲ್ಲಿ ಹೂ ಬೀಳದಿರಲಿ ಎಂದು ಓಬಮ್ಮ ಬೇಡಿಕೊಂಡದ್ದು ಅದೇ ಮೊದಲು. ಕರ್ಪೂರ ಸಣ್ಣಗಾಯಿತು, ಆರಿತು. ಹೂ ಇದ್ದಲ್ಲೇ ಇತ್ತು.

ಗಿರಿಯಪ್ಪ ಹಣೆ ಉಜ್ಜಿಕೊಂಡ. "ಹೋಗು ಅಂತನೂ ಅನ್ಲಿಲ್ಲ, ಬ್ಯಾಡ ಅಂತನೂ ಅನ್ಲಿಲ್ಲ. ಹಂಗಾದ್ರೆ ಅಮ್ಮ ಏನಂದ್ಲು?"

"ನಿಂಗೆ ತಲೆ ಕೊಟ್ಟಿದ್ದೀನಲ್ಲ, ನನ್ನೇನು ಕೇಳ್ತೀಯ ಅಂದ್ಲು."

ಗಿರಿಯಪ್ಪ ಪೂಜಾರಿಯ ಮುಖ ನೋಡಿದ. ದೊಡ್ಡಬೀರಪ್ಪ ಬಹಳ ಹೊತ್ತು ಗಂಟೆ ಒರೆಸಿ, "ಹಂಗೂ ಅನ್ಬೋದು," ಎಂದ.

ಶಿವಮೊಗ್ಗದಲ್ಲಿ ಎರಡು ಬೆರಳು ತೆಗೆದರು. ಮೊದಲೇ ಬಂದಿದ್ದರೆ ಒಂದರಲ್ಲಿ ಮುಗಿಯುತ್ತಿತ್ತು, ಇನ್ನೂ ತಡವಾಗಿದ್ದರೆ ಕಾಲು ಹೋಗುತ್ತಿತ್ತು ಎಂದರು ಅಲ್ಲಿನ ಡಾಕ್ಟರು. ಗಿರಿಯಪ್ಪ ಬ್ಯಾಂಡೇಜನ್ನು ನೋಡುತ್ತ ಮಲಗಿದ್ದ. ಓಬಮ್ಮ ಕಿತ್ತಳೆ ಸುಲಿಯುತ್ತ, "ನನ್ ಬುದ್ಧಿ ಮೊಣಕಾಲ ಕೆಳಗಿದ್ದಿದ್ದಕ್ಕೇ ನಿನ್ ಮೊಣಕಾಲ ಕೆಳಗಿಂದು ಉಳೀತು," ಎಂದಳು. ಅವನು ಬಾಯಿ ತೆರೆದ. ಅವಳು ಒಂದು ತೊಳೆ ಇಟ್ಟಳು.

ಓಬಮ್ಮ ಕೆಲಸಕ್ಕೆ ಮರಳಿದ ದಿನ ಫಾದರ್ ಎಲ್ಲವನ್ನೂ ಕೇಳಿಸಿಕೊಂಡರು. ಮುದ್ದೆ ತಟ್ಟೆಯಲ್ಲೇ ಆರುತ್ತಿತ್ತು.

"ಒಂದು ಮಾತು ಓಬಮ್ಮ. ಆ ಹೂ ಬಿದ್ದುಬಿಟ್ಟಿದ್ದರೆ?"

"ಬಿದ್ದಿದ್ರೂ ಕರ್ಕೊಂಡು ಹೋಗ್ತಿದ್ದೆ. ನಮ್ಮತ್ತಿಗೆ ಮಗ ಸಿದ್ದೇಶನ ಆಟೋನ ಮೊದ್ಲೇ ಗುಡಿ ಹಿಂದೆ ನಿಲ್ಲಿಸಿದ್ದೆ. ಇಬ್ರು ಸೇರಿ ಎತ್ತಿ ಹಾಕ್ಕೊಂಡು ಹೋಗ್ತಿದ್ವಿ. ಅಮ್ಮನ ಹತ್ರ ಆಮೇಲೆ ಜಗಳ ಆಡ್ಕೋತಿದ್ದೆ."

"ಮತ್ತೆ ಕೇಳಿದ್ದು ಯಾಕೆ?"

"ಎತ್ತಿ ಹಾಕ್ಕೊಂಡು ಹೋಗೋದಕ್ಕಿಂತ ಅವ್ನೇ ಒಪ್ಕೊಂಡು ಬಂದ್ರೆ ಚೆಂದ ಅಲ್ವಾ ಫಾದ್ರೇ? ಅಮ್ಮನ ಮಾತು ಬಿಟ್ರೆ ಇನ್ಯಾರ್ದೂ ಕೇಳೋನಲ್ಲ ಅವ್ನು."

ಫಾದರ್ ಮುದ್ದೆ ಮುರಿದರು. ಸಾರಿನಲ್ಲಿ ಅದ್ದಿ, ನುಂಗದೆ ಕೈಯಲ್ಲೇ ಹಿಡಿದುಕೊಂಡರು. "ಇಷ್ಟು ಬುದ್ಧಿ ಇಟ್ಟುಕೊಂಡು ಎರಡು ಮಂಗಳವಾರ ಯಾಕೆ ಕಾದಿರಿ?"

ಓಬಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಅವಳಿಗೆ ಆಸ್ಪತ್ರೆಯಲ್ಲಿ ಬಾರದ ಅಳು ಈಗ ಬಂತು. ಆ ಇನ್ನೊಂದು ಬೆರಳಿನ ಲೆಕ್ಕ ಅವಳ ಎದೆಯಲ್ಲಿ ಕೂತಿತ್ತು.

"ಮೊಣಕಾಲ ಕೆಳಗೆ ಅಂತ ನಮ್ಮಪ್ಪ ಹೇಳ್ದ, ನಮ್ಮಾವ ಹೇಳ್ದ, ಇವ್ನೂ ಹೇಳ್ದ. ನಾನೂ ಹಂಗೇ ಅನ್ಕೊಂಡೆ. ಎಲ್ಲಾರ್ಗೂ ಕೊಟ್ಟಿದ್ದಾನೆ ಅಂತ ನೀವು ಆ ಮಕ್ಕಳಿಗೆ ಹೇಳಿದ್ದು ಮೊನ್ನೆ ಭಾನುವಾರ ತಾನೆ, ಫಾದ್ರೇ? ಒಂದು ಎರಡು ವಾರ ಮುಂಚೆ ಹೇಳ್ಬಾರ್ದಿತ್ತಾ?"

ಫಾದರ್ ಕೈಯಲ್ಲಿದ್ದ ತುತ್ತನ್ನು ಬಾಯಿಗಿಟ್ಟು, ಮರೆತು, ಅಗಿಯತೊಡಗಿದರು. ಓಬಮ್ಮ ಕಣ್ಣೊರೆಸಿಕೊಂಡು ಅವರನ್ನು ನೋಡಿದಳು. ಈ ಸಲ ತಿದ್ದಲಿಲ್ಲ.