ಹತ್ತೊಂಬತ್ತನೆಯ ಮರ

ಮಾವಿನ ಕಸಿಗಾರ ಸಮಾಧಾನಪ್ಪನವರಿಗೆ ಯಲ್ದೂರಿನ ಉಪದೇಶಿಯಾಗುವ ಕರೆ ಬಂದದ್ದು ಮಾರ್ಚಿಯಲ್ಲಿ ಎಂದು ಕೆಲವರು ಹೇಳುತ್ತಾರೆ. ಅದು ತಪ್ಪು. ಕೋಲಾರದ ಸಭೆಯ ಪಾದ್ರಿಗಳು ಅವರನ್ನು ಕರೆದು ಹೇಳಿದ್ದು 1977ನೆಯ ಇಸವಿ ಫೆಬ್ರವರಿ 13, ಭಾನುವಾರ, ಆರಾಧನೆ ಮುಗಿದ ಮೇಲೆ.

“ಟೇಕಲ್ಲಿಗೆ ಬೇಕಾದ್ರೆ ಹೋಗ್ತೀನಿ, ಅಯ್ಯನವರೇ” ಎಂದರು ಸಮಾಧಾನಪ್ಪ.

“ಟೇಕಲ್ಲಲ್ಲಿ ಏನಿದೆ?”

“ರೈಲಿದೆ.”

“ಯಲ್ದೂರಲ್ಲಿ ಏನಿದೆ, ಅದನ್ನ ಹೇಳಿ.”

ಯಲ್ದೂರಿನಲ್ಲಿ ಇದ್ದದ್ದು ಕೋದಂಡರಾಮಪ್ಪನೆಂಬ ರೈತನ ತೋಪು. 1974ರ ಜುಲೈ 11, ಗುರುವಾರ, ಸಮಾಧಾನಪ್ಪ ಅಲ್ಲಿಗೆ ನಲವತ್ತು ಬಾದಾಮಿ ಮಾವಿನ ಕಸಿಗಿಡಗಳನ್ನು ಒಪ್ಪಿಸಿದ್ದರು. ಅವುಗಳಲ್ಲಿ ಹತ್ತೊಂಬತ್ತು ಕಸಿಯೇ ಅಲ್ಲ. ನಿಜವಾದ ಕಸಿಗಳು ಬಿಸಿಲಿಗೆ ಒಣಗಿದ್ದರಿಂದ, ಓಟೆಯಿಂದ, ಅಂದರೆ ಬೀಜದಿಂದ, ಹುಟ್ಟಿದ ನಾಟಿ ಸಸಿಗಳ ಕಾಂಡವನ್ನು ಗೀರಿ, ಬಾಳೆನಾರು ಸುತ್ತಿ, ಸಂಖ್ಯೆ ತುಂಬಿಸಿದ್ದರು. ಕಾಯಿ ಬಿಡುವವರೆಗೆ ಈ ವಂಚನೆ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

ಪಾದ್ರಿಗಳು ಎಲ್ಲವನ್ನೂ ಕೇಳಿ, “ದೇವರ ಹತ್ರ ಹೇಳಿದ್ದಾಯ್ತು. ಇನ್ನು ತೋಪಿನವರ ಹತ್ರ ಹೇಳಿ” ಎಂದರು.

ಮರುದಿನ ಮೊದಲ ಬಸ್ಸಿನಲ್ಲೇ ಸಮಾಧಾನಪ್ಪ ಗರಗಸ ಹಿಡಿದು ಹೊರಟರು.

“ಮೂರು ವರ್ಷ ಬಿಂದಿಗೇಲಿ ನೀರು ಹೊತ್ತಿದ್ದೀವಿ ಕಣೋ!” ವಿಷಯ ಕೇಳಿ ಕೋದಂಡರಾಮಪ್ಪ ಅಬ್ಬರಿಸಿದ. ಅವನ ತಾಯಿ ದೊಡ್ಡಮುನಿಯಮ್ಮ ಜಗುಲಿಯಿಂದಲೇ ಕೇಳಿದಳು: “ಏನ್ಲಾ, ಇಷ್ಟು ದಿನ ನಿನ್ನ ದೇವರು ನಿದ್ದೆ ಮಾಡ್ತಿದ್ನಾ?”

“ಇಲ್ಲಮ್ಮ, ನಿದ್ದೆ ಮಾಡ್ತಿದ್ದೋನು ನಾನು.”

ಹತ್ತೊಂಬತ್ತನ್ನೂ ಮೊಣಕಾಲೆತ್ತರಕ್ಕೆ ಕತ್ತರಿಸಿ, ಚಿಗುರು ಬಂದ ಮೇಲೆ ನಿಜವಾದ ಬಾದಾಮಿ ಕಸಿ ಕಟ್ಟಿಕೊಡುವುದಾಗಿ ಸಮಾಧಾನಪ್ಪ ಹೇಳಿದರು. ಕೋದಂಡರಾಮಪ್ಪ ಒಪ್ಪಿದ, ಆದರೆ ಷರತ್ತು ಹಾಕಿದ: “ಹತ್ತೊಂಬತ್ತೂ ಕಾಯಿ ಬಿಡೋವರೆಗೆ ನಿನ್ನ ಬೋಧನೆ ನಮ್ಮ ಜಗುಲಿ ಹತ್ತಬಾರದು.”

ಉಪದೇಶಿಗೆ ಇದಕ್ಕಿಂತ ಕಠಿಣವಾದ ಷರತ್ತಿಲ್ಲ; ಊರಿನವರು ಸಂಜೆ ಕೂಡುತ್ತಿದ್ದದ್ದು ಆ ಜಗುಲಿಯಲ್ಲೇ. ಆದರೂ ಸಮಾಧಾನಪ್ಪ ಯಲ್ದೂರನ್ನು ಬಿಡಲಿಲ್ಲ. ಮಾರ್ಚಿ 1ರಂದು ಅಲ್ಲೇ ಗುಡಿಸಲು ಹಿಡಿದರು. (ಮಾರ್ಚಿ ಎನ್ನುವವರ ಗೊಂದಲಕ್ಕೆ ಇದೇ ಕಾರಣವಿರಬೇಕು.) ಜುಲೈನಲ್ಲಿ ಕಸಿ ಕಟ್ಟಿದರು. ಹದಿನೆಂಟು ಹಿಡಿದವು, ಒಂದು ಒಣಗಿತು. ಅದಕ್ಕೆ ಮರುವರ್ಷ ಮತ್ತೆ ಕಟ್ಟಿದರು. ಬೇಸಿಗೆಯಲ್ಲಿ ದಿನವೂ ತಾವೇ ನೀರು ಹೊತ್ತರು. ಭಾನುವಾರ ಗುಡಿಸಲಿನಲ್ಲಿ ಪ್ರಾರ್ಥನೆ. ಕೆಲವು ವಾರ ಅವರೊಬ್ಬರೇ.

1982ರ ಮೇ 23, ಭಾನುವಾರ. ಹದಿನೆಂಟು ಮರಗಳಲ್ಲೂ ಬಾದಾಮಿ ತೂಗಿತ್ತು. ದೊಡ್ಡಮುನಿಯಮ್ಮ ಕೂಗಿದಳು: “ಏನ್ಲಾ, ನಿದ್ದೆ ತಿಳೀತಾ? ಮೇಲೆ ಬಾ!”

ಸಮಾಧಾನಪ್ಪ ಮೆಟ್ಟಿಲ ಬಳಿಯೇ ನಿಂತರು.

“ಇನ್ನೊಂದು ಮರ ಬಾಕಿ ಇದೆ, ಅಮ್ಮ.”

“ಅಯ್ಯೋ, ನಾವೇ ಬಿಟ್ಟುಬಿಟ್ವಲ್ಲೋ!”

“ಮೋಸ ಮಾಡಿದ್ದು ಹತ್ತೊಂಬತ್ತರಲ್ಲಿ.”

ಆ ಕೊನೆಯ ಮರ ಮೂರೇ ಮೂರು ಹಣ್ಣು ಕೊಟ್ಟದ್ದು ಮರುವರ್ಷ, 1983ರ ಮೇ 29ರಂದು. ಅದೂ ಭಾನುವಾರವೇ. ಅಂದು ಸಂಜೆ ಸಮಾಧಾನಪ್ಪ ಕಂಕುಳಲ್ಲಿ ಬೈಬಲ್ಲನ್ನೂ ಕೈಯಲ್ಲಿ ಆ ಹಣ್ಣುಗಳನ್ನೂ ಹಿಡಿದು ಜಗುಲಿ ಹತ್ತಿದರು. ಕೋದಂಡರಾಮಪ್ಪ ತಾನೇ ಚಾಪೆ ಹಾಸಿ, “ಈಗ ಹೇಳಪ್ಪ, ಕೇಳ್ತೀವಿ” ಎಂದ.