ಅಮ್ಮನ ಹನ್ನೊಂದು ಸುತ್ತು

ಇಂಥ ಕತೆಗಳನ್ನು ಬೇರೆಯವರು ಹೇಳಿದಾಗ ಅವರೆದುರೇ ನಗುತ್ತಿದ್ದವನು ನಾನು. ಹಂಪನಕಟ್ಟೆಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಗಾಜನ್ನು ಅಳೆದು, ತಿಕ್ಕಿ, ಫ್ರೇಮಿಗೆ ಕೂರಿಸುವುದು ನನ್ನ ಕಸುಬು. ಯಾರಾದರೂ ಏನೋ ವಿಚಿತ್ರ ಕಂಡೆ ಎಂದರೆ, ನಿಮ್ಮ ನಂಬರ್ ಬದಲಾಗಿರಬೇಕು, ಬನ್ನಿ ಪರೀಕ್ಷೆ ಮಾಡುತ್ತೇನೆ ಎನ್ನುತ್ತಿದ್ದೆ. ಆದ್ದರಿಂದ ಈಗ ನಾನು ಹೇಳುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಅಮ್ಮನಿಗೆ ಏಳೂವರೆ ಶನಿ ನಡೆಯುತ್ತಿದೆ ಎಂದು ಜೋಯಿಸರು ಹೇಳಿದ್ದರು. ಪ್ರತಿ ಶನಿವಾರ ಬೆಳಿಗ್ಗೆ ಅವಳು ದೇವಸ್ಥಾನಕ್ಕೆ ಹೋಗಿ ಎಳ್ಳೆಣ್ಣೆ ದೀಪ ಹಚ್ಚಿ ಬರುತ್ತಿದ್ದಳು. ಒಂದು ದಿನ ನಾನು ತಮಾಷೆ ಮಾಡಿದೆ. "ಶನಿ ಅಂದ್ರೆ ಬರೀ ಗಾಳಿಯ ಉಂಡೆ ಅಮ್ಮಾ. ನಿನ್ನ ಎಣ್ಣೆ ಅದಕ್ಕೆ ಎಂತಕ್ಕೆ?"

ಅಮ್ಮನಿಗೆ ಸಿಟ್ಟು ಬರಲಿಲ್ಲ. "ನಿನಗೆ ಅಷ್ಟು ಗೊತ್ತುಂಟಲ್ಲ, ಹಾಗಾದ್ರೆ ಒಮ್ಮೆ ತೋರಿಸು. ಇಷ್ಟು ವರ್ಷ ಎಣ್ಣೆ ಹಾಕಿದ್ದೇನೆ, ಮುಖ ನೋಡ್ಲಿಲ್ಲ" ಎಂದಳು.

ಆ ಮಾತು ನನ್ನನ್ನು ಹಿಡಿದುಕೊಂಡಿತು. ದೂರದರ್ಶಕವನ್ನು ಕೊಂಡು ತರಬಹುದಿತ್ತು. ಆದರೆ ಗಾಜಿನ ಕೆಲಸದವನಿಗೆ ಅದು ಅವಮಾನದಂತೆ ಅನ್ನಿಸಿತು. ನಾನೇ ಮಾಡುತ್ತೇನೆ ಎಂದುಬಿಟ್ಟೆ. ಬಂದರಿನಲ್ಲಿ ಗಾಜಿನ ವ್ಯಾಪಾರ ಮಾಡುವ ಹಮೀದ್ ಶಾಲೆಯ ದಿನಗಳಿಂದ ನನ್ನ ಗೆಳೆಯ. ಅವನು ಅಂಗೈಗಿಂತ ಅಗಲವಾದ ಎರಡು ದಪ್ಪ ಗಾಜಿನ ಬಿಲ್ಲೆಗಳನ್ನು ಕತ್ತರಿಸಿ ಕೊಟ್ಟ.

ದೂರದರ್ಶಕದೊಳಗೆ ಬೆಳಕನ್ನು ಒಟ್ಟುಗೂಡಿಸುವ ಬಟ್ಟಲಿನಂಥ ಕನ್ನಡಿ ಮಾಡುವ ಕ್ರಮ ಬಹಳ ಹಳೆಯದು. ಕುಲಶೇಖರದ ನಮ್ಮ ಮನೆಯಂಗಳದಲ್ಲಿ ಒಂದು ಡ್ರಮ್ಮಿಗೆ ಮರಳು ತುಂಬಿಸಿ ನಿಲ್ಲಿಸಿದೆ. ಅದರ ಮೇಲೆ ಒಂದು ಬಿಲ್ಲೆಯನ್ನು ಕೂರಿಸಿ, ನಡುವೆ ಗಾಜು ಸವೆಸುವ ಪುಡಿ ಮತ್ತು ನೀರು ಹಾಕಿ, ಇನ್ನೊಂದು ಬಿಲ್ಲೆಯಿಂದ ಉಜ್ಜಬೇಕು. ಎಲ್ಲ ಬದಿಯೂ ಸಮನಾಗಿ ಸವೆಯಬೇಕಾದರೆ ಉಜ್ಜುತ್ತಾ ಡ್ರಮ್ಮಿನ ಸುತ್ತ ನಡೆಯುತ್ತಲೇ ಇರಬೇಕು. ಮಳೆಗಾಲ ಮುಗಿದ ಮೇಲೆ ದಿನಾ ಅಂಗಡಿಗೆ ಹೋಗುವ ಮೊದಲು ಹೀಗೆ ಗಂಟೆಗಟ್ಟಲೆ ಸುತ್ತಿದೆ. ಗಾಜು ಬೇಕಾದಷ್ಟು ಬಟ್ಟಲಾಯಿತು. ಹೊಳಪೂ ಬಂತು.

ತೊಂದರೆ ಶುರುವಾದದ್ದು ಕೊನೆಯಲ್ಲಿ. ಕತ್ತಲೆ ಕೋಣೆಯಲ್ಲಿ ಗಾಜಿನ ಮೇಲೆ ಸೂಜಿಮೊನೆಯಷ್ಟು ಬೆಳಕು ಬಿಟ್ಟು, ಅದು ಹಿಂದಿರುಗುವ ದಾರಿಯಲ್ಲಿ ಒಂದು ಬ್ಲೇಡು ಹಿಡಿದರೆ, ಕೂದಲಿನ ದಪ್ಪದ ನೂರನೇ ಒಂದು ಪಾಲೂ ಇಲ್ಲದ ಉಬ್ಬು ಸಹ ನೆರಳಾಗಿ ಕಾಣುತ್ತದೆ. ನನ್ನ ಗಾಜಿನ ಸರಿಯಾಗಿ ನಡುವೆ ಒಂದು ಉಬ್ಬಿತ್ತು. ಮೂರು ವಾರ ಉಜ್ಜಿದರೂ ಅದು ಹೋಗಲಿಲ್ಲ. ಇತ್ತ ಬಹರೈನ್‌ನಲ್ಲಿರುವ ತಂಗಿಯ ಬಾಣಂತನಕ್ಕೆ ಅಮ್ಮ ಹೊರಡುವ ದಿನ ಹತ್ತಿರವಾಗಿತ್ತು. ಸಂಜೆಯ ಆಕಾಶದಲ್ಲಿ ಶನಿಯೂ ದಿನದಿನಕ್ಕೆ ಪಡುವಣಕ್ಕೆ ಇಳಿಯುತ್ತಿದ್ದ, ಇನ್ನು ಸ್ವಲ್ಪ ದಿನಕ್ಕೆ ಕಾಣದಾಗುತ್ತಿದ್ದ.

ಅವಳು ಹೊರಡಲು ನಾಲ್ಕು ದಿನವಿದ್ದಾಗ, ಒಂದು ಭಾನುವಾರ ಮಧ್ಯಾಹ್ನ, ನಾನು ಕೈಚೆಲ್ಲಿ ಮೆಟ್ಟಿಲ ಮೇಲೆ ಕೂತಿದ್ದೆ. ಅಮ್ಮ ಹೊರಗೆ ಬಂದಳು.

"ಎಂತ ಮಗಾ, ಆಗುದಿಲ್ವಾ?"

"ಇಲ್ಲಮ್ಮ. ಪುನಃ ಮೊದಲಿಂದ ಉಜ್ಜಬೇಕು. ನೀನು ಹೋಗುವುದರೊಳಗೆ ಆಗ್ಲಿಕ್ಕಿಲ್ಲ."

ಅವಳು ಡ್ರಮ್ಮನ್ನೇ ನೋಡುತ್ತಾ ನಿಂತಳು. "ನಾನು ದಿನಾ ನೋಡ್ತಾ ಇದ್ದೇನೆ. ನೀನು ಅಪ್ರದಕ್ಷಿಣೆ ಬರ್ತಾ ಇದ್ದೀ. ಯಾರಾದ್ರೂ ಹಾಗೆ ಸುತ್ತು ಬರ್ತಾರಾ?"

ನನಗೆ ಆ ಬೇಸರದಲ್ಲೂ ನಗು ಬಂತು. "ಯಾವ ಕಡೆಯಿಂದ ಸುತ್ತಿದರೂ ಗಾಜಿಗೆ ಒಂದೇ ಅಮ್ಮಾ."

"ಒಂದೇ ಆದ್ರೆ ನಾನು ಸುತ್ತಿದ್ರೆ ನಿನಗೆ ಎಂತ ನಷ್ಟ?"

ಹೇಗೂ ಹಾಳಾದ ಗಾಜು. ಹಿಡಿಯುವ ಬಗೆಯನ್ನು ತೋರಿಸಿಕೊಟ್ಟೆ. ಅಮ್ಮ ಕೈಕಾಲು ತೊಳೆದು ಬಂದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗಾಜಿನ ಮೇಲೆ ಅಂಗೈಗಳನ್ನಿಟ್ಟು ಬಲಕ್ಕೆ ಸುತ್ತತೊಡಗಿದಳು. ತುಟಿಗಳು ಅಲುಗುತ್ತಿದ್ದವು. ನನ್ನ ಕೈಯಲ್ಲಿ ಯಾವಾಗಲೂ ಕರಕರ ಎನ್ನುತ್ತಿದ್ದ ಗಾಜು ಆಗ ಸದ್ದೇ ಮಾಡಲಿಲ್ಲ. ಇದನ್ನು ನಾನು ಈಚೆಗೆ ಸೇರಿಸಿದ್ದಲ್ಲ, ಆ ಹೊತ್ತಿನಲ್ಲೇ ಗಮನಿಸಿದ್ದೆ. ಹನ್ನೊಂದು ಸುತ್ತು ಬಂದು, "ಸಾಕು" ಎಂದು ಅಮ್ಮ ಚಾ ಮಾಡಲು ಒಳಗೆ ಹೋದಳು. ಎಲ್ಲ ಸೇರಿ ಹತ್ತು ನಿಮಿಷವೂ ಆಗಿರಲಿಲ್ಲ.

ಕೈಯ ಬಿಸಿಗೆ ಗಾಜು ಹಿಗ್ಗುತ್ತದೆ. ಹಾಗಾಗಿ ಎಂದಿನಂತೆ ಎರಡು ಗಂಟೆ ಕಾದು, ಅಭ್ಯಾಸಬಲದಿಂದ ಬ್ಲೇಡು ಹಿಡಿದೆ. ಉಬ್ಬು ಇರಲಿಲ್ಲ. ಇಡೀ ಗಾಜು ಅಂಚಿನಿಂದ ಅಂಚಿಗೆ ಎಲ್ಲೂ ನೆರಳಿಲ್ಲದೆ ಒಂದೇ ಸಮನೆ ಬೂದುಬಣ್ಣಕ್ಕೆ ತಿರುಗಿತು. ಗಾಜನ್ನು ತಿರುಗಿಸಿಟ್ಟು ನೋಡಿದೆ, ಬ್ಲೇಡು ಬದಲಿಸಿ ನೋಡಿದೆ. ಅವಸರದಲ್ಲಿ ಒಮ್ಮೆ ಬೆರಳನ್ನೂ ಕುಯ್ದುಕೊಂಡೆ. ಗಾಜು ಸರಿಯಾಗಿಯೇ ಇತ್ತು.

ಹಮೀದ್‌ಗೆ ಫೋನ್ ಮಾಡಿದೆ. "ಇಷ್ಟು ದಿನ ನೀನು ಗಾಜು ಬಿಸಿ ಇರುವಾಗ ನೋಡಿದ್ದೀ ಮಾರಾಯ, ಅಷ್ಟೇ" ಎಂದ.

"ಪ್ರತಿ ಸಲವೂ ಎರಡು ಗಂಟೆ ಕಾದಿದ್ದೇನೆ. ದಿನಕ್ಕೆ ಐದು ಸಲ ನಮಾಜು ಮಾಡುವವ ನೀನು, ನೀನೂ ಹೀಗೆ ಹೇಳ್ತೀಯಾ?"

"ನಮಾಜು ಮಾಡುವವನಿಗೆ ಗಾಜಿನ ಬಿಸಿ ಗೊತ್ತಿರಬಾರದಾ?" ಎಂದು ಬೈದು ಫೋನಿಟ್ಟ. ಆದರೆ ಮರುದಿನ ಬಂದು ತಾನೇ ಬ್ಲೇಡು ಹಿಡಿದು ಮತ್ತೆ ಮತ್ತೆ ನೋಡಿದ. ಕೊನೆಗೆ "ಮಾಷಾ ಅಲ್ಲಾ" ಎಂದಷ್ಟೇ ಹೇಳಿದ.

ಆಮೇಲೆ ಬಲ್ಮಠದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಪರಿಚಯದವರೊಬ್ಬರನ್ನು ಕೇಳಿದೆ. ಕೈಯ ಒತ್ತಡ ಬದಲಾಗಿರಬಹುದು, ಆಕಸ್ಮಿಕವಿರಬಹುದು ಎಂದರು. ಇರಬಹುದು. ಅಮ್ಮ ಊರಿಗೆ ಮರಳಿದ ಮೇಲೆ ಇನ್ನೊಂದು ಕನ್ನಡಿ ಮಾಡಿ, ಅದಕ್ಕೂ ಅವಳಿಂದ ಹನ್ನೊಂದು ಸುತ್ತು ಹಾಕಿಸಿದೆ. ಏನೂ ಆಗಲಿಲ್ಲ. "ಆವತ್ತು ಎಂತ ಆಯಿತೋ, ನನಗೂ ಗೊತ್ತಿಲ್ಲ" ಎಂದು ಅವಳೇ ನಕ್ಕಳು.

ಆದರೆ ಅವಳು ಬಹರೈನ್‌ಗೆ ಹೊರಡುವ ಮುನ್ನಾದಿನದ ಸಂಜೆಯನ್ನು ಹೇಳದಿದ್ದರೆ ಈ ಕತೆ ಪೂರ್ತಿಯಾಗದು. ಕನ್ನಡಿಗೆ ಬೆಳ್ಳಿಯಂಥ ಲೇಪ ಹಾಕಿಸಲು ಸಮಯವಿರಲಿಲ್ಲ. ಬರೀ ಗಾಜನ್ನೇ ಪಿವಿಸಿ ಪೈಪಿನೊಳಗೆ ಕೂರಿಸಿ ತಾರಸಿಗೆ ಹೊತ್ತೊಯ್ದೆ. ಹಮೀದ್ ಮುಸ್ಸಂಜೆಯ ಮಗ್ರಿಬ್ ನಮಾಜು ಮುಗಿಸಿ ಹೆಂಡತಿ ಮಕ್ಕಳೊಂದಿಗೆ ಬಂದ. ಅಕ್ಕಪಕ್ಕದ ಮನೆಯವರೂ ಸೇರಿದರು. ಹುಡುಕಿ ಹುಡುಕಿ ಕೊನೆಗೆ ಶನಿ ಸಿಕ್ಕಿದ. ಮಂಕಾಗಿ, ಆದರೆ ಗೆರೆ ಎಳೆದಷ್ಟು ಸ್ಪಷ್ಟವಾಗಿ, ಉಂಗುರ ಸಮೇತ. ಅಮ್ಮನನ್ನು ಕರೆದೆ.

ಅವಳು ಒಂದು ಕಣ್ಣು ಮುಚ್ಚಿ ಬಗ್ಗಿ ನೋಡಿದಳು. "ಅಯ್ಯೋ ದೇವರೇ! ಇಷ್ಟು ಚಂದ ಉಂಟಾ? ಇವರಿಗಾ ನಾನು ಇಷ್ಟು ವರ್ಷ ಹೆದರಿದ್ದು?"

ತಾರಸಿಯ ಮೇಲಿದ್ದವರೆಲ್ಲ ಚಪ್ಪಾಳೆ ಹೊಡೆದರು. ಅಮ್ಮ ಅಲ್ಲೇ ಕೈಮುಗಿದು, "ಎಷ್ಟು ದೂರ ಉಂಟು ಮಗಾ?" ಎಂದು ಕೇಳಿದಳು. ಅಲ್ಲಿಂದ ಬೆಳಕು ಇಲ್ಲಿಗೆ ಬರಲು ಒಂದು ಗಂಟೆಗಿಂತ ಹೆಚ್ಚು ಬೇಕು ಎಂದೆ. ಅವಳು ಸ್ವಲ್ಪ ಯೋಚಿಸಿದಳು.

"ಹಾಗಾದ್ರೆ ನಾನು ಈಗ ಕೈಮುಗಿದದ್ದು ಅವರಿಗೆ ಕಾಣುವಾಗ ನಮ್ಮ ಊಟವೂ ಆಗಿರ್ತದೆ!"

ಹೌದು, ಲೆಕ್ಕ ಸರಿಯಾಗಿತ್ತು. ನಾನು ಎಷ್ಟೋ ವರ್ಷಗಳ ನಂತರ ಮನಸ್ಸು ಬಿಚ್ಚಿ ನಕ್ಕೆ. ಅಮ್ಮ ಸರದಿ ಮುರಿದು ಪುನಃ ಪುನಃ ನೋಡಿದಳು. ಯಾರೂ ಬೇಡವೆನ್ನಲಿಲ್ಲ.

ಆ ದಿನ ಗೆದ್ದದ್ದು ನೀನೋ ಅಮ್ಮನೋ ಎಂದು ಹಮೀದ್ ಈಗಲೂ ಕೆಣಕುತ್ತಾನೆ. ಇಬ್ಬರೂ ಗೆದ್ದೆವು ಎನ್ನುತ್ತೇನೆ. ಹೇಗೆ ಎಂದು ಕೇಳಿದರೆ ಆ ಕನ್ನಡಿಯನ್ನೇ ತೆಗೆದು ಅವನ ಕೈಗೆ ಕೊಡುತ್ತೇನೆ.